ಗುಬ್ಬಿ ದಾರಿಯಲ್ಲಿ ಮೂರನೇ ಬೇರಿಂಗ್

ಬಿಂದುಶ್ರೀಯ ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಇತ್ತು, ರಸ್ತೆಯಲ್ಲಿ ಗಾಡಿ ಓಡಿಸುವ ಧೈರ್ಯ ಮಾತ್ರ ಇರಲಿಲ್ಲ. ತುಮಕೂರಿನ ಶಿರಾ ಗೇಟ್ ಬಳಿ ಅವಳ ಅಪ್ಪ ವೆಂಕಟರಂಗಯ್ಯನ ಗ್ಯಾರೇಜ್. ಹಳೇ ಕಾಲದ ಕಾರುಗಳ ಎಂಜಿನ್ ಬಿಚ್ಚಿ, ಸವೆದದ್ದನ್ನು ಹೊಸದು ಮಾಡಿ, ಮತ್ತೆ ಜೋಡಿಸುವುದು ಅಲ್ಲಿನ ಕೆಲಸ. ಡಿಪ್ಲೊಮಾ ಮುಗಿಸಿದಾಗಿನಿಂದ ಬಿಂದುವೂ ಅಲ್ಲೇ ಸೇರಿಕೊಂಡಿದ್ದಳು. ಮದುವೆಯಾಗಿ ಕುಣಿಗಲ್ಲಿಗೆ ಹೋದ ಮೇಲೂ ಬಿಡಲಿಲ್ಲ. ಗಂಡ ಸಂತೋಷ್ ಅಲ್ಲಿ ಕರೆಂಟಿನ ಲೈನ್‌ಮನ್. ಅವನು ಕಂಬ ಹತ್ತಲು ಹೊರಟರೆ ಇವಳು ಹೆಬ್ಬೂರಿನ ಮೇಲೆ ತುಮಕೂರಿಗೆ ಹೋಗುವ ಬಸ್ಸು ಹತ್ತುತ್ತಿದ್ದಳು. ಸಂಜೆ ಅದೇ ದಾರಿಯಲ್ಲಿ, ಉಗುರುಸಂದಿಯಲ್ಲಿ ಕಪ್ಪು ಉಳಿಸಿಕೊಂಡು, ವಾಪಸ್.

ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಗಿರಾಕಿಯೊಬ್ಬರ ಜೀಪನ್ನು ಗ್ಯಾರೇಜಿನಿಂದ ಹೊರಗೆ ತಂದಿದ್ದಳು. ಶಿರಾ ಗೇಟ್‌ನ ಆ ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸು ಸ್ಕೂಟರ್ ಸಮೇತ ಚಕ್ರದ ಮುಂದೆಯೇ ಬಿದ್ದಳು. ಬ್ರೇಕ್ ಹಿಡಿಯಿತು. ಆಕೆಗೆ ಒಂದು ಗೀರೂ ಆಗಲಿಲ್ಲ, ಸೀರೆ ಕೊಡವಿಕೊಂಡು ಬೈದು ಹೊರಟುಹೋದಳು. ಬಿಂದು ಮಾತ್ರ ಸ್ಟೇರಿಂಗ್ ಬಿಡಲಾಗದೆ ಕೂತೇ ಇದ್ದಳು. ಕೊನೆಗೆ ಅಪ್ಪನೇ ಬಂದು ಒಂದೊಂದೇ ಬೆರಳು ಬಿಡಿಸಿದ. ಅಂದಿನಿಂದ ಗಾಡಿ ಓಡಿಸುವುದು ಅಪ್ಪನ ಪಾಲು. ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳುವುದು ಇವಳ ಪಾಲು.

ಎಂಜಿನ್ನಿನ ವಿಷಯಕ್ಕೆ ಬಂದರೆ ವೆಂಕಟರಂಗಯ್ಯನಿಗೂ ಒಂದು ಭಯ ಇತ್ತು. ಅದು ಎಣ್ಣೆ ನಿಲ್ಲುವ ಭಯ. ಮಗಳಿಗೆ ಕೆಲಸ ಕಲಿಸುವಾಗ ಮೊದಲು ಹೇಳಿಕೊಟ್ಟದ್ದೂ ಅದನ್ನೇ. ಒಂದು ಹಳೇ ಬೇರಿಂಗನ್ನು ಅವಳ ಅಂಗೈ ಮೇಲಿಟ್ಟು, ಅದರ ಒಳಮೈಯ ಬೆಳ್ಳಿಬಣ್ಣದ ಲೋಹವನ್ನು ಉಗುರಿನಿಂದ ಗೀರಿ ತೋರಿಸಿದ್ದ.

"ನೋಡು, ಉಗುರಲ್ಲೇ ಗೀರ್ತದೆ. ಇಷ್ಟು ಮೆತ್ತಗಿರೋದರ ಒಳಗೆ ಉಕ್ಕಿನ ಶಾಫ್ಟು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗ್ತದೆ. ಹೆಂಗೆ ಉಳೀತದೆ ಹೇಳು?"

"ಎಣ್ಣೆ ಇರ್ತದಲ್ಲ."

"ಎಣ್ಣೆ ಇರ್ತದೆ ಅಂದ್ರೆ ಸಾಲ್ದು. ಶಾಫ್ಟು ಬೇರಿಂಗಿನ ಮೇಲೆ ಕೂರೋದೇ ಇಲ್ಲ, ಮಗ. ತಿರುಗ್ತಾ ತಿರುಗ್ತಾ ಎಣ್ಣೇನ ತನ್ನ ಕೆಳಕ್ಕೆ ಎಳ್ಕೊಂಡು ಅದರ ಮೇಲೆ ತೇಲ್ತದೆ. ಕೂದಲಿಗಿಂತ ಸಣ್ಣ ಪೊರೆ. ಅದಿರೋಗಂಟ ಎರಡು ಲೋಹ ಒಂದನ್ನೊಂದು ಮುಟ್ಟಲ್ಲ. ಬಿಸಿನೂ ಅದೇ ಹೊತ್ಕೊಂಡು ಹೋಗ್ತದೆ, ಕಸಾನೂ ಅದೇ ತೊಳ್ಕೊಂಡು ಹೋಗ್ತದೆ. ಪೊರೆ ಹರೀತು ಅನ್ಕೋ, ಮೊದ್ಲು ಈ ಬಿಳಿ ಲೋಹ ಕರಗ್ತದೆ. ಆಮೇಲೆ ಶಾಫ್ಟು ಕಚ್ಕೊಳ್ತದೆ. ಎಲ್ಲಿದ್ದೀಯೋ ಅಲ್ಲೇ ನಿಂತೆ."

ಎಣ್ಣೆಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಬಿದ್ದರೆ ಮರುಯೋಚನೆ ಮಾಡದೆ ಎಂಜಿನ್ ಆಫ್ ಮಾಡಬೇಕು ಎಂಬುದು ಅವನ ಗ್ಯಾರೇಜಿನ ಕಾನೂನು.

ಆ ಚಳಿಗಾಲದಲ್ಲಿ ಅಪ್ಪ ಮಗಳು ಹಿಡಿದಿದ್ದ ಕೆಲಸ ಪುಟ್ಟರಂಗಯ್ಯನವರ ಹಿಲ್ಮನ್ ಕಾರಿನದು. ಚೇಳೂರು ದಾಟಿ ಗುಬ್ಬಿ ಕಡೆಗೆ ಬರುವ ರಸ್ತೆಯ ಒಳಗಡೆ ಅವರ ತೆಂಗಿನ ತೋಟ. ಸ್ವಾತಂತ್ರ್ಯಕ್ಕೂ ಹಿಂದಿನ ಆ ಕಾರು ತೋಟದ ಕೊಟ್ಟಿಗೆಯಲ್ಲಿ ಎಷ್ಟೋ ವರ್ಷ ನಿಂತು, ಎಂಜಿನ್ನಿನೊಳಗೆ ಎಣ್ಣೆ ಒಣಗಿ, ಬೇರಿಂಗುಗಳು ತುಕ್ಕು ತಿಂದಿದ್ದವು. ಎಂಜಿನ್ನನ್ನಷ್ಟೇ ಇಳಿಸಿ ತುಮಕೂರಿಗೆ ತಂದು, ಬೇರಿಂಗುಗಳಿಗೆ ಹೊಸ ಬಿಳಿ ಲೋಹ ಎರೆಸಿ, ಬಿಂದುವೇ ಕೂತು ಅವನ್ನು ಕೆರೆದು ಕೆರೆದು ಶಾಫ್ಟಿಗೆ ಹೊಂದಿಸಿದ್ದಳು. ಈಗ ಎಂಜಿನ್ ಮತ್ತೆ ಕಾರಿನೊಳಗೆ ಕೂತಿತ್ತು. ಸೆಲ್ಫ್ ಸ್ಟಾರ್ಟರ್ ಇನ್ನೂ ರಿಪೇರಿಯಿಂದ ಬಂದಿರಲಿಲ್ಲ, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಹೊಸ ಬೇರಿಂಗು ಪಳಗುವವರೆಗೆ ತೋಟದೊಳಗೇ ಮೆಲ್ಲಗೆ ಓಡಿಸಿ, ಎಣ್ಣೆ ಬದಲಾಯಿಸಿ, ಆಮೇಲೆ ರಸ್ತೆಗೆ ಇಳಿಸುವುದೆಂದು ಮಾತಾಗಿತ್ತು.

ಅಂದು ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಎಂಜಿನ್ ಶುರುವಾಯಿತು. ಮುಳ್ಳು ಸರಿಯಾಗಿ ಎದ್ದಿತು, ಸದ್ದು ಹದವಾಗಿತ್ತು. ಪುಟ್ಟರಂಗಯ್ಯನವರ ಕಣ್ಣು ಒದ್ದೆಯಾಯಿತು. ಅವರ ಹೆಂಡತಿ ನರಸಿಂಹಮ್ಮ ಕಾರಿಗೆ ಕುಂಕುಮ ಇಡಲು ಒಳಗಿನಿಂದ ತಟ್ಟೆ ತಂದರು. ಕೊಟ್ಟಿಗೆಯ ನೆಲ ಸ್ವಲ್ಪ ಇಳಿಜಾರು. ಕಾರು ಜರುಗೀತೆಂದು ಚಕ್ರಕ್ಕೆ ಅಡ್ಡ ಕೊಡಲು ವೆಂಕಟರಂಗಯ್ಯ ಮೂಲೆಯಲ್ಲಿದ್ದ ತೆಂಗಿನಮಟ್ಟೆಯ ರಾಶಿಯ ಪಕ್ಕದ ಮರದ ತುಂಡಿಗೆ ಕೈ ಹಾಕಿದ.

ಕೈ ಹಿಂದಕ್ಕೆಳೆದುಕೊಂಡದ್ದನ್ನು ಬಿಂದು ನೋಡಿದಳು. ಮಟ್ಟೆಗಳ ನಡುವೆ ಹೆಡೆ ಎದ್ದು, ಒಂದು ಕ್ಷಣ ನಿಂತು, ಇಳಿದು, ಗೋಡೆಯ ಬಿರುಕಿನೊಳಗೆ ಹೋದದ್ದನ್ನೂ ನೋಡಿದಳು.

"ನಾಗ್ರಾವು," ಅಂದ ವೆಂಕಟರಂಗಯ್ಯ, ಬೇರೆ ಯಾರಿಗೋ ಆದದ್ದನ್ನು ಹೇಳುವಂತೆ. ಎಡಗೈಯ ಮಣಿಕಟ್ಟಿನ ಮೇಲೆ ಎರಡು ಸಣ್ಣ ಚುಕ್ಕೆಗಳು.

ಬಿಂದುವಿನ ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು. ಅಪ್ಪನನ್ನು ಅಲ್ಲೇ ಕೂರಿಸಿದಳು, ಕೈ ಅಲುಗಬಾರದೆಂದು ಒಂದು ಪಟ್ಟಿ ಮರಕ್ಕೆ ದುಪಟ್ಟಾದಿಂದ ಸಡಿಲವಾಗಿ ಸುತ್ತಿದಳು. ನರಸಿಂಹಮ್ಮ ಕಚ್ಚಿದ ಜಾಗಕ್ಕಿಂತ ಮೇಲೆ ಬಿಗಿಯಾಗಿ ಹಗ್ಗ ಕಟ್ಟಬೇಕೆಂದು ಓಡಿಬಂದರು. "ಬ್ಯಾಡ ಕಣಮ್ಮ, ಬಿಗೀಬಾರ್ದು," ಎಂದು ತಡೆದು, ನೂರಾಎಂಟಕ್ಕೆ ಫೋನ್ ಮಾಡಿದಳು. ಹತ್ತಿರದ ಆಂಬುಲೆನ್ಸ್ ಬೇರೊಬ್ಬರನ್ನು ಕರೆದುಕೊಂಡು ಆಗಲೇ ತುಮಕೂರಿಗೆ ಹೊರಟಿತ್ತು, ಇನ್ನೊಂದು ದೂರದಿಂದ ಬರಬೇಕಿತ್ತು. ನಿಮ್ಮ ಹತ್ತಿರ ಗಾಡಿ ಇದ್ದರೆ ಗುಬ್ಬಿ ಆಸ್ಪತ್ರೆ ಕಡೆಗೆ ಹೊರಟುಬಿಡಿ, ದಾರಿಯಲ್ಲಿ ಅದು ಸಿಗಬಹುದು ಎಂದರು ಫೋನಿನಲ್ಲಿದ್ದವರು.

ಇದ್ದ ಗಾಡಿ ಹಿಲ್ಮನ್ ಒಂದೇ, ಅಪ್ಪ ಮಗಳು ಬಂದದ್ದು ಬಸ್ಸಿನಲ್ಲಿ. ಪುಟ್ಟರಂಗಯ್ಯನವರ ಮನೆಯ ಕಾರನ್ನು ಅಳಿಯ ಬೆಳಿಗ್ಗೆಯೇ ತುಮಕೂರಿಗೆ ತೆಗೆದುಕೊಂಡು ಹೋಗಿದ್ದ. ಪುಟ್ಟರಂಗಯ್ಯನವರಿಗೆ ಕಣ್ಣು ಮಂಜು, ಓಡಿಸುವುದು ಬಿಟ್ಟು ಕಾಲವಾಗಿತ್ತು.

"ನಾನೇ ಓಡುಸ್ತೀನಿ, ಬಲಗೈ ಐತಲ್ಲ," ಅಂದ ವೆಂಕಟರಂಗಯ್ಯ.

"ನೀನು ಅಲುಗಬಾರ್ದು," ಅಂದಳು ಬಿಂದು. ಹಿಂದಿನ ಸೀಟಿನಲ್ಲಿ ಅವನನ್ನು ಒರಗಿಸಿ, ಪಕ್ಕದಲ್ಲಿ ಪುಟ್ಟರಂಗಯ್ಯನವರನ್ನು ಕೂರಿಸಿ, ತಾನು ಸ್ಟೇರಿಂಗ್ ಹಿಂದೆ ಕೂತಳು. ಬೆಳಿಗ್ಗೆ ಶುರುವಾದ ಎಂಜಿನ್ ಇನ್ನೂ ಓಡುತ್ತಲೇ ಇತ್ತು, ಕ್ಲಚ್ ಒತ್ತಿ ಗೇರ್ ಹಾಕಿದಳು. ಕಾರು ಎರಡು ಸಲ ಮುಗ್ಗರಿಸಿ, ತೋಟದ ಗೇಟಿನ ಕಲ್ಲಿಗೆ ಮಡ್‌ಗಾರ್ಡ್ ಉಜ್ಜಿಕೊಂಡು, ರಸ್ತೆಗೆ ಬಂತು.

ಮೊದಲ ಸ್ವಲ್ಪ ದೂರ ಅವಳು ರಸ್ತೆಯನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಎದುರಿಗೆ ಕೊಬ್ಬರಿ ತುಂಬಿದ ಲಾರಿ ಬಂದರೆ ಉಸಿರು ಬಿಗಿಹಿಡಿದು ಮಣ್ಣಿಗೆ ಇಳಿಸುತ್ತಿದ್ದಳು, ಹೋದ ಮೇಲೆ ಹತ್ತಿಸುತ್ತಿದ್ದಳು. ಹಿಂದಿನಿಂದ ಅಪ್ಪನ ಮಾತು ಬರುತ್ತಲೇ ಇತ್ತು.

"ಹೊಸಾ ಬೇರಿಂಗು. ಜಾಸ್ತಿ ತುಳೀಬ್ಯಾಡ."

"ಆಯ್ತಪ್ಪ."

"ಮೂರ್ನೇ ಗೇರಲ್ಲೇ ಎಳೀಬ್ಯಾಡ, ನಾಕಕ್ಕೆ ಹಾಕು. ನಲವತ್ತು ದಾಟ್ಸಬ್ಯಾಡ."

"ಅಪ್ಪ, ಕೈ ಹೆಂಗಿದೆ?"

"ಉರೀತದೆ. ಕೈ ವಿಷ್ಯ ಬುಡು, ಮುಳ್ಳು ನೋಡ್ಕೊ."

ಅವನು ಹಾಗೆ ಅನ್ನುವಾಗ ಮುಳ್ಳು ಸರಿಯಾಗಿತ್ತು. ಡಾಂಬರು ಕಿತ್ತುಹೋದ ಒಂದಷ್ಟು ದೂರದ ರಸ್ತೆ ದಾಟುವಾಗ ಕಾರು ತಳದಿಂದ ಗಡಗಡ ಅಲುಗಿತು. ಅದಾದ ಮೇಲೆ ನೋಡಿದರೆ ಮುಳ್ಳು ಒಂದಿಷ್ಟು ಕೆಳಗಿತ್ತು. ಎಣ್ಣೆ ಬಿಸಿಯಾಗಿ ತೆಳ್ಳಗಾದರೂ ಇಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ತಿರುವು ದಾಟುವಷ್ಟರಲ್ಲಿ ಮತ್ತೆ ಇಳಿದಿತ್ತು. ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ಎದ್ದು, ಸುಟ್ಟ ಎಣ್ಣೆಯ ವಾಸನೆ ಒಳಗೆ ಬಂತು.

ಅವಳಿಗಿಂತ ಮೊದಲು ವೆಂಕಟರಂಗಯ್ಯನಿಗೆ ವಾಸನೆ ತಿಳಿಯಿತು. "ಪೈಪು ಹೋಗೈತೆ. ಆಫ್ ಮಾಡು."

ಬಿಂದು ಆಫ್ ಮಾಡಲಿಲ್ಲ. ಎಡಬಲಕ್ಕೆ ಬರೀ ರಾಗಿ ಕೂಳೆಯ ಹೊಲ, ತೆಂಗಿನ ಸಾಲು. ಒಂದು ಮನೆಯೂ ಇಲ್ಲ. ಇಲ್ಲಿ ನಿಂತರೆ ನಿಂತೇ ಹೋಗುತ್ತೇವೆ ಅನಿಸಿತು.

"ಬಿಂದು, ಆಫ್ ಮಾಡು ಅಂದೆ. ಗಾಡಿ ಸೀಜ್ ಆಗ್ತದೆ ಕಣವ್ವ. ನಮ್ಮನ್ನ ನಂಬಿ ಕೊಟ್ಟವ್ರೆ ಅವ್ರು."

"ಗಾಡಿ ಹಾಳಾಗ್ಲಿ ಬುಡು ರಂಗಣ್ಣ," ಅಂದರು ಪುಟ್ಟರಂಗಯ್ಯ. "ಓಡ್ಸವ್ವ ನೀನು."

ಎಂಜಿನ್ನಿನ ಒಳಗೆ ಏನಾಗುತ್ತಿದೆ ಎಂಬುದು ಬಿಂದುವಿನ ಕಣ್ಣಿಗೆ ಕಟ್ಟಿದಂತಿತ್ತು. ಪಂಪು ಎಣ್ಣೆ ಎಳೆಯುತ್ತದೆ, ಎಳೆದದ್ದರಲ್ಲಿ ಅರ್ಧ ಬಿರಿದ ಪೈಪಿನಿಂದ ರಸ್ತೆಗೆ ಸುರಿಯುತ್ತದೆ, ಎಣ್ಣೆ ನಿಲ್ಲುವ ತಳದ ಚೇಂಬರ್ ಬರಿದಾಗುತ್ತದೆ, ತಾನು ದಿನಗಟ್ಟಲೆ ಕೂತು ಕೆರೆದ ಒಂದೊಂದು ಬೇರಿಂಗಿನ ಮೇಲೆ ಪೊರೆ ತೆಳುವಾಗುತ್ತಾ ಹೋಗುತ್ತದೆ. ಎಂಜಿನ್ ಕಚ್ಚಿಕೊಂಡರೆ ಚಕ್ರಗಳೂ ಹಿಡಿದುಕೊಂಡಾವು, ಅಪ್ಪ ಈ ಹೊಲಗಳ ನಡುವೆ ಉಸಿರಾಡಲಾರದೆ ಮಲಗಿರಬೇಕಾದೀತು. ಆಫ್ ಮಾಡಿದರೂ ಅಷ್ಟೇ. ಎರಡರಲ್ಲಿ ಯಾವುದು ತಪ್ಪು ಎಂದು ಗೊತ್ತಾಗದೆ ಅವಳಿಗೆ ಅಳು ಬಂತು, ಅಳುತ್ತಲೇ ಓಡಿಸಿದಳು. ಎದುರಿಗೆ ಬಂದ ಬಿಳಿ ಕಾರಿಗೆ ಕೈ ಹೊರಹಾಕಿ ಬೀಸಿದಳು. ಅದು ಹಾರ್ನ್ ಮಾಡಿ ಹೊರಟುಹೋಯಿತು.

ಮುಳ್ಳು ತಳ ಮುಟ್ಟುವ ಹೊತ್ತಿಗೆ ರಸ್ತೆಬದಿಯಲ್ಲಿ ತಗಡಿನ ಶೆಡ್ ಕಂಡಿತು, ಮೇಲೆ 'ಮರದ ಗಾಣದ ಎಣ್ಣೆ' ಎಂಬ ಬೋರ್ಡು. ಬಿಂದು ಕಾರನ್ನು ಅಂಗಳಕ್ಕೆ ತಿರುಗಿಸಿ ಎಂಜಿನ್ ನಿಲ್ಲಿಸಿದಳು.

ಗಾಣದ ಯಜಮಾನ ಯಲ್ಲಯ್ಯ ಹಿಂಡಿ ಮೂಟೆ ಹೊಲಿಯುತ್ತಿದ್ದವನು ಎದ್ದು ಬಂದ. ಹಿಂದಿನ ಸೀಟು ನೋಡಿದ, ಹೆಚ್ಚು ಕೇಳಲಿಲ್ಲ. ಅವನ ಹತ್ತಿರ ಬೈಕ್ ಬಿಟ್ಟು ಬೇರೆ ಗಾಡಿ ಇರಲಿಲ್ಲ. ವೆಂಕಟರಂಗಯ್ಯನ ಕತ್ತು ಆಗಲೇ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಬೈಕಿನಲ್ಲಿ ಕೂರಿಸುವ ಹಾಗಿರಲಿಲ್ಲ. ಆಂಬುಲೆನ್ಸಿನವನಿಗೆ ಫೋನ್ ಮಾಡಿದರೆ ಇನ್ನೂ ಗುಬ್ಬಿಯ ಆಚೆಗೇ ಇದ್ದ.

ಬಾನೆಟ್ ಎತ್ತಿದಾಗ ಬಿಸಿ ಹೊಗೆ ಮುಖಕ್ಕೆ ಹೊಡೆಯಿತು. ಎಣ್ಣೆ ಪಂಪಿನಿಂದ ಮೇಲಕ್ಕೆ ಹೋಗುವ ತಾಮ್ರದ ಪೈಪು, ಎಂಜಿನ್ನಿನಲ್ಲಿ ಅವರು ಹೊಸದು ಮಾಡದೆ ಬಿಟ್ಟಿದ್ದ ಕೆಲವೇ ಹಳೇ ವಸ್ತುಗಳಲ್ಲಿ ಒಂದು, ಬಾಗಿನಲ್ಲಿ ಕೂದಲೆಳೆಯಂತೆ ಸೀಳಿತ್ತು.

"ಸೈಕಲ್ ಟ್ಯೂಬು ಐತಾ ಯಜಮಾನ್ರೇ? ಕಟ್ಟೋ ತಂತಿ?"

ಯಲ್ಲಯ್ಯ ಎರಡನ್ನೂ ತಂದ. ಬಿಂದು ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಸೀಳಿನ ಮೇಲೆ ಸುತ್ತಿ, ತಂತಿಯಿಂದ ಬಿಗಿದಳು. ಬಿಸಿ ತಾಮ್ರಕ್ಕೆ ಬೆರಳು ತಗುಲಿ ಚುರುಗುಟ್ಟಿದ್ದು ಆಮೇಲೆ ಬೊಬ್ಬೆ ಎದ್ದಾಗಲೇ ಗೊತ್ತಾದದ್ದು. ಎಣ್ಣೆ ನೋಡುವ ಕಡ್ಡಿ ಎಳೆದರೆ ತುದಿಯಲ್ಲಷ್ಟೇ ಒದ್ದೆ. ಎಂಜಿನ್ ಆಯಿಲ್ ಡಬ್ಬಿ ಕೊಟ್ಟಿಗೆಯಲ್ಲೇ ಉಳಿದಿತ್ತು.

"ಹರಳೆಣ್ಣೆ ಇದ್ರೆ ಕೊಡಿ," ಅಂದಳು.

"ಹರಳೆಣ್ಣೆನಾ? ಕಾರಿಗಾ?" ಯಲ್ಲಯ್ಯ ಒಳಗೆ ಹೋಗುತ್ತಲೇ ಕೇಳಿದ.

ಹಿಂದಿನಿಂದ ವೆಂಕಟರಂಗಯ್ಯನ ದನಿ ಬಂತು. ಅದು ಕುಡಿದವರ ದನಿಯಂತೆ ಮೆತ್ತಗಾಗಿತ್ತು. "ಬ್ಯಾಡ... ಹಳೇ ಎಣ್ಣೆ ಜೊತೆ ಬೆರೆಯಲ್ಲ ಅದು. ಆಮ್ಯಾಕೆ ಅಂಟು ಕಟ್ತದೆ."

"ಆಮ್ಯಾಕಿಂದು ಆಮ್ಯಾಕೆ ನೋಡಾಣ, ಅಪ್ಪ. ನೀನೇ ಹೇಳಿಲ್ವಾ, ವಿಮಾನದ ಮೊದಮೊದಲ ಎಂಜಿನ್ನಿಗೆಲ್ಲ ಇದನ್ನೇ ಹಾಕ್ತಿದ್ರು, ಲೋಹಾನ ಅಂಟ್ಕೊಂಡು ಬಿಡೋದೇ ಇಲ್ಲ ಅಂತ."

ಬಿಂದು ತಿರುಗಿ ನೋಡಿದಳು. ಅಪ್ಪನ ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ನಿದ್ದೆಯಿಂದಲ್ಲ, ಎತ್ತಲು ಹೋಗುತ್ತಿದ್ದ, ಅವು ಏಳುತ್ತಿರಲಿಲ್ಲ. ಆ ಮುಖವನ್ನು ನೋಡಿದ ಮೇಲೆ ಅವಳ ಭಯಕ್ಕೆ ಬೇರೆಯೇ ಆಕಾರ ಬಂತು. ಇಲ್ಲಿಯವರೆಗೆ ವಿಷ ಅನ್ನುವುದು ಕೇಳಿದ ಮಾತಾಗಿತ್ತು. ಈಗ ಅದು ಅಪ್ಪನ ರೆಪ್ಪೆಯ ಮೇಲೆ ಕೂತಿತ್ತು.

ಯಲ್ಲಯ್ಯ ತಂದ ಕ್ಯಾನಿನಿಂದ ಹರಳೆಣ್ಣೆ ಜೇನಿನಂತೆ ನಿಧಾನವಾಗಿ ಇಳಿಯಿತು. ಕ್ಯಾನನ್ನು ಅಲುಗಿಸಿದಳು, ಹಿಂಡಿದಳು. ಅದು ತನ್ನ ಹದದಲ್ಲೇ ಇಳಿಯಿತು. ಸಾಕೆನಿಸುವಷ್ಟು ತುಂಬಿದ ಮೇಲೆ ಯಲ್ಲಯ್ಯನ ಕೈಗೆ ಹ್ಯಾಂಡಲ್ ಕೊಟ್ಟು ಸ್ವಿಚ್ ಹಾಕಲು ಹೋದಳು.

"ಸ್ವಿಚ್ ಹಾಕ್ಬ್ಯಾಡ," ಅಂದ ವೆಂಕಟರಂಗಯ್ಯ, ಒಂದೊಂದೇ ಮಾತು ತಡಕಾಡಿ. "ಸುಮ್ನೆ ತಿರುಗ್ಸು ಮೊದ್ಲು. ಮುಳ್ಳು... ಏಳ್ಲಿ."

ಹೌದು, ಪೈಪಿನಲ್ಲಿ ಗಾಳಿ ತುಂಬಿತ್ತು. ಒಣಗಿದ ಬೇರಿಂಗಿನ ಮೇಲೆ ಎಂಜಿನ್ ಶುರುವಾದರೆ ಎಣ್ಣೆ ಮೇಲೇರುವ ಮೊದಲೇ ಲೋಹ ಲೋಹವನ್ನು ಕಚ್ಚುತ್ತದೆ. ಯಲ್ಲಯ್ಯ ಹ್ಯಾಂಡಲ್ ತಿರುಗಿಸಿದ. ಮುಳ್ಳು ಅಲ್ಲಾಡಲಿಲ್ಲ. ಮತ್ತೆ ತಿರುಗಿಸಿದ, ಬೆವರಿದ. ಬಿಂದು ಮೀಟರನ್ನೂ ಕನ್ನಡಿಯಲ್ಲಿ ಅಪ್ಪನನ್ನೂ ನೋಡುತ್ತಾ, ಇಲ್ಲಿ ಕಳೆಯುತ್ತಿರುವ ಒಂದೊಂದು ಗಳಿಗೆಯೂ ಅವನ ಉಸಿರಿನಿಂದಲೇ ಕಳೆಯುತ್ತಿರುವಂತೆ ಹಲ್ಲು ಕಚ್ಚಿ ಕೂತಳು. ಕೊನೆಗೆ ಮುಳ್ಳು ಒಮ್ಮೆ ಮಿಡುಕಿತು, ಒಂದು ಗೆರೆ ಏರಿತು. ಸ್ವಿಚ್ ಹಾಕಿದಳು. ಮುಂದಿನ ಸುತ್ತಿಗೇ ಎಂಜಿನ್ ಹತ್ತಿಕೊಂಡಿತು.

ಉಳಿದ ಎಣ್ಣೆಯ ಕ್ಯಾನನ್ನು ಯಲ್ಲಯ್ಯ ಮುಂದಿನ ಸೀಟಿಗೆ ಎಸೆದು, "ಹೋಗ್ತಾ ಇರವ್ವ, ನಾ ಬೈಕಲ್ಲಿ ಮುಂದೆ ಹೋಗಿ ಆಸ್ಪತ್ರೇಲಿ ಹೇಳಿರ್ತೀನಿ," ಎಂದು ಹೊರಟ.

ಸ್ವಲ್ಪ ದೂರ ಎಲ್ಲವೂ ಸರಿಯಾಗಿತ್ತು. ಹರಳೆಣ್ಣೆಯ ಸಿಹಿವಾಸನೆ ಕಾರಿನ ತುಂಬ ಹರಡಿತು. ಆಮೇಲೆ ಒಂದು ಏರಿನಲ್ಲಿ, ಎಂಜಿನ್ನಿನ ಸದ್ದಿನ ಒಳಗಿನಿಂದ ಇನ್ನೊಂದು ಸದ್ದು ಎದ್ದಿತು. ಟಕ್, ಟಕ್, ಟಕ್. ಯಾರೋ ಒಳಗಿನಿಂದ ಸಣ್ಣ ಸುತ್ತಿಗೆಯಿಂದ ಬಾಗಿಲು ಬಡಿಯುವ ಹಾಗೆ. ಎಣ್ಣೆ ಬರುವ ಮೊದಲೇ ಒಂದು ಬೇರಿಂಗಿನ ಲೋಹ ಕರಗತೊಡಗಿತ್ತು. ಈಗ ಆ ಸಡಿಲಿನಲ್ಲಿ ಪಿಸ್ಟನ್ನನ್ನು ಶಾಫ್ಟಿಗೆ ಜೋಡಿಸುವ ರಾಡು ಬಡಿಯುತ್ತಿತ್ತು. ಬಡಿತ ಹೆಚ್ಚಿದರೆ ರಾಡು ಮುರಿದು ಎಂಜಿನ್ನಿನ ಹೊಟ್ಟೆ ಸೀಳಿಕೊಂಡು ಹೊರಬರುತ್ತದೆ.

ಬಿಂದು ಅಪ್ಪನ ಬೈಗುಳಕ್ಕೆ ಕಾದಳು. ಬರಲಿಲ್ಲ.

"ಅಪ್ಪ, ಕೇಳುಸ್ತಾ ಐತಾ? ಬಡೀತಾ ಐತೆ."

ಕನ್ನಡಿಯಲ್ಲಿ ಅವನ ಮುಖ ಹುಡುಕಿದಳು.

"ಅಪ್ಪ. ಯಾವ್ದು ಬಡೀತಿರೋದು ಹೇಳಪ್ಪ. ನಂಗೆ ಗೊತ್ತಾಗ್ತಾ ಇಲ್ಲ."

ಅವಳಿಗೆ ಗೊತ್ತಿತ್ತು. ಅವನು ಮಾತಾಡಲಿ, ಅಷ್ಟೇ ಬೇಕಿತ್ತು. ತಾನು ಚಿಕ್ಕಂದಿನಿಂದ ಅಂಜಿದ್ದ ಆ ಗದರಿಕೆ ಈಗ ಬಂದರೆ ಸಾಕಿತ್ತು.

"ಮಲಗವ್ನಾ ಯಜಮಾನ್ರೇ?"

"ಎಚ್ಚರ ಅವ್ನೆ. ಬಾಯಿ ಆಡ್ತಾ ಐತೆ, ಮಾತು ಬರ್ತಾ ಇಲ್ಲ," ಅಂದರು ಪುಟ್ಟರಂಗಯ್ಯ. ಬಗ್ಗಿ ಅವನ ಬಾಯಿಗೆ ಕಿವಿ ಇಟ್ಟರು. ಕೇಳಿಸಿಕೊಂಡು, ಅರ್ಥವಾಗದೆ, ಕೇಳಿದ್ದನ್ನು ಹಾಗೇ ಒಪ್ಪಿಸಿದರು. "ಮೂರ್ನೇದು ಅಂತಾವ್ನೆ. ಮೂರ್ನೇ ವೈರು ಕೀಳು ಅಂತಾವ್ನೆ."

ಇಷ್ಟು ಹೊತ್ತು ನಿಲ್ಲಿಸು ನಿಲ್ಲಿಸು ಅನ್ನುತ್ತಿದ್ದವನು ಈಗ ಮುಂದೆ ಹೋಗುವ ದಾರಿ ಹೇಳುತ್ತಿದ್ದ. ಬಿಂದುವಿಗೆ ಅದು ಸಮಾಧಾನವಾಗಲಿಲ್ಲ, ಇನ್ನಷ್ಟು ಹೆದರಿಕೆಯಾಯಿತು. ತನ್ನ ಸ್ಥಿತಿ ಅವನಿಗೆ ಗೊತ್ತಾಗಿದೆ ಎಂದು ಅದರಿಂದ ತಿಳಿಯಿತು.

ಕಾರನ್ನು ಬದಿಗೆ ತಂದಳು, ಎಂಜಿನ್ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ತಿರುಗಿಸಲು ಯಲ್ಲಯ್ಯ ಇಲ್ಲ, ತಿರುಗುತ್ತದೆ ಎಂಬ ಭರವಸೆಯೂ ಇಲ್ಲ. ಬಾನೆಟ್ ಎತ್ತಿ, ಕೈಗೆ ಬಟ್ಟೆ ಸುತ್ತಿಕೊಂಡು, ಮೂರನೇ ಪ್ಲಗ್ಗಿನ ವೈರು ಕಿತ್ತಳು. ಬಟ್ಟೆಯೆಲ್ಲ ಎಣ್ಣೆಯೂ ಬೆವರೂ. ಶಾಕ್ ಹೊಡೆದು ಕೈ ಮೊಣಕೈವರೆಗೆ ಜುಂಯ್ ಅಂದಿತು. ಎಂಜಿನ್ ಮೂರೇ ಸಿಲಿಂಡರಿನ ಮೇಲೆ ಕುಂಟತೊಡಗಿತು. ಮೂರನೆಯದರಲ್ಲಿ ಪೆಟ್ರೋಲ್ ಉರಿಯದೆ, ಆ ಬೇರಿಂಗಿನ ಮೇಲೆ ಬೀಳುತ್ತಿದ್ದ ಹೊಡೆತ ತಗ್ಗಿ, ಬಡಿತ ಮೆತ್ತಗಾಯಿತು. ನಿಲ್ಲಲಿಲ್ಲ, ಮೆತ್ತಗಾಯಿತು ಅಷ್ಟೇ.

ಹಾಗೇ ಕುಂಟುತ್ತಾ ಗುಬ್ಬಿ ಬಂತು. ಊರೊಳಗಿನ ಆಟೋಗಳು, ತಳ್ಳುಗಾಡಿಗಳು, ಅಡ್ಡ ಬಂದ ಹಸು. ಬಿಂದು ಹಾರ್ನ್ ಒತ್ತಿದರೆ ಅದು ಕೆಲಸ ಮಾಡಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿಕೊಂಡೇ ದಾರಿ ಬಿಡಿಸಿಕೊಂಡಳು. ಆಸ್ಪತ್ರೆಯ ಬಾಗಿಲಲ್ಲಿ ಯಲ್ಲಯ್ಯ ಸ್ಟ್ರೆಚರ್ ಹಿಡಿದು ನಿಂತಿದ್ದ. ಕಾರು ನಿಂತಿತು. ಅಪ್ಪನನ್ನು ಇಳಿಸಿಕೊಂಡು ಅವರು ಒಳಗೆ ಓಡಿದರು.

ಬಿಂದು ಇಳಿಯಲು ಹೋದರೆ ಸ್ಟೇರಿಂಗ್ ಹಿಡಿದ ಬೆರಳುಗಳು ಬಿಡಲಿಲ್ಲ. ಈ ಸಲ ಬಿಡಿಸಲು ಯಾರೂ ಇರಲಿಲ್ಲ. ಮುಂದಕ್ಕೆ ಬಗ್ಗಿ ಹಲ್ಲಿನಿಂದಲೇ ಒಂದು ಹೆಬ್ಬೆರಳನ್ನು ಎಬ್ಬಿಸಿದಳು.

ಒಳಗೆ ವಯಸ್ಸಿನ್ನೂ ಚಿಕ್ಕದಾದ ಒಬ್ಬ ಡಾಕ್ಟರಮ್ಮ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಡ್ರಿಪ್ಪಿಗೆ ಸೇರಿಸಿದರು. ಅದು ಇಳಿಯುತ್ತಿರುವಾಗಲೇ ವೆಂಕಟರಂಗಯ್ಯನ ಎದೆ ಏರಿಳಿಯುವುದು ತೀರ ಸಣ್ಣದಾಯಿತು. ಬಾಯಿಗೆ ಮಾಸ್ಕ್ ಹಿಡಿದು ಚೀಲ ಒತ್ತಿ ಒತ್ತಿ ಉಸಿರು ತುಂಬಿದರು. ಆಗ ಆಂಬುಲೆನ್ಸ್ ಬಂತು, ಹಾಗೆ ಒತ್ತುತ್ತಲೇ ತುಮಕೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದು ವೆಂಟಿಲೇಟರಿಗೆ ಹಾಕಿದರು.

"ಗುಬ್ಬಿಗೆ ಇನ್ನೊಂಚೂರು ತಡವಾಗಿ ಬಂದಿದ್ರೆ?" ಎಂದು ಬಿಂದು ಅಲ್ಲಿನ ಡಾಕ್ಟರನ್ನು ಕೇಳಿದಳು.

"ಬಂದಿದೀರಲ್ಲಮ್ಮ," ಅಂದರು ಅವರು, ಅಷ್ಟೇ.

ತುಮಕೂರಿನದೇ ಸದಾಶಿವನಗರದ ಮನೆಯಿಂದ ಅಮ್ಮ ದೊಡ್ಡಗಂಗಮ್ಮ ಬಂದರು, ಕುಣಿಗಲ್ಲಿನಿಂದ ಸಂತೋಷ್ ಬಂದ. ಅಮ್ಮ ಅಳಲಿಲ್ಲ. ಮಗಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಅವಳ ಬೊಬ್ಬೆ ಎದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಿದ್ದರು. ಬಿಂದುವಿಗೆ ಮೈಯೆಲ್ಲ ಹರಳೆಣ್ಣೆಯ ವಾಸನೆ. ಕಣ್ಣು ಮುಚ್ಚಿದರೆ ಮುಳ್ಳು ಬೀಳುತ್ತಿತ್ತು. ಅವಳ ಜೀವಮಾನದ ಅತಿ ಉದ್ದದ ಕಾಯುವಿಕೆ ಅದು. ಮಾರನೇ ದಿನ ಸಂಜೆ ಹೊತ್ತಿಗೆ ವೆಂಕಟರಂಗಯ್ಯನ ರೆಪ್ಪೆಗಳು ಎದ್ದವು. ಟ್ಯೂಬ್ ತೆಗೆದ ಮೇಲೆ ಹೆಂಡತಿಯ ಮುಖ ನೋಡಿ, "ಊಟ ಮಾಡ್ದ್ಯಾ?" ಎಂದು ಕೇಳಿದ. ದೊಡ್ಡಗಂಗಮ್ಮನಿಗೆ ಆಗ ಅಳು ಬಂತು.

ಎಂಜಿನ್ನನ್ನು ಬಿಂದು ಬಿಚ್ಚಿದ್ದು ಅಪ್ಪ ಗ್ಯಾರೇಜಿಗೆ ಬರುವಷ್ಟಾದ ಮೇಲೆ. ಪುಟ್ಟರಂಗಯ್ಯನವರೇ ಟೆಂಪೋದಲ್ಲಿ ಕಳಿಸಿದ್ದರು. ಚೇಂಬರ್ ಇಳಿಸಿದರೆ ತಳದಲ್ಲಿ ಅವಲಕ್ಕಿ ಚೆಲ್ಲಿದ ಹಾಗೆ ಬಿಳಿ ಲೋಹದ ಚೂರುಗಳು. ಮೂರನೇ ರಾಡಿನ ಬೇರಿಂಗು ಕರಗಿ ಹರಿದುಹೋಗಿತ್ತು, ಶಾಫ್ಟಿನ ಮೇಲೆ ಅಲ್ಲಲ್ಲಿ ಗೀರುಗಳಷ್ಟೇ ಬಿದ್ದಿದ್ದವು. ಮೆತ್ತನೆ ಲೋಹ ತಾನು ಕರಗಿ ಉಕ್ಕನ್ನು ಉಳಿಸಿತ್ತು. ಉಳಿದ ಮೂರು ರಾಡುಗಳ ಬೇರಿಂಗಿನಲ್ಲಿ ಹರಳೆಣ್ಣೆ ಇನ್ನೂ ದಪ್ಪನಾಗಿ ಅಂಟಿಕೊಂಡಿತ್ತು. ಒರೆಸಿದರೆ ಅವಳು ಕೆರೆದ ಗುರುತುಗಳು ಹಾಗೇ ಇದ್ದವು.

ವೆಂಕಟರಂಗಯ್ಯ ಸ್ಟೂಲಿನ ಮೇಲೆ ಕೂತು ರಾಡಿನ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದ. ಬೋಲ್ಟ್ ಎಳೆದುಕೊಂಡು ನಡುವೆ ಸಣ್ಣಗಾಗಿತ್ತು.

"ಇದು ಗುಬ್ಬಿ ಮುಟ್ಟೋದ್ರೊಳಗೇ ಮುರೀಬೇಕಿತ್ತು," ಅಂದ.

ಬಿಂದು ಅದನ್ನು ಕೈಗೆ ತೆಗೆದುಕೊಂಡಳು. ಆ ದಿನ ಬಾರದಿದ್ದ ಒಂದು ಭಯ ಈಗ ಬಂತು. ಗ್ಯಾರೇಜಿನ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟ. ಅವನಿಗೂ ಈಗ ಭಯ ಅಂಟಿಕೊಂಡಿತ್ತು. ಬೆಂಚಿನ ಕೆಳಗೆ, ಡಬ್ಬಿಗಳ ಹಿಂದೆ, ಎಲ್ಲಿ ಕಣ್ಣು ಹೋಗುವುದಿಲ್ಲವೋ ಅಲ್ಲಿಗೆ ಕೈ ಹಾಕುತ್ತಿರಲಿಲ್ಲ. ಏನಾದರೂ ಬೇಕಾದರೆ ಮಗಳನ್ನು ಕರೆಯುತ್ತಿದ್ದ, ಅವಳು ಟಾರ್ಚ್ ಬಿಟ್ಟು ನೋಡಿ ತೆಗೆದುಕೊಡುತ್ತಿದ್ದಳು. ಎಡಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲವಾಗಿ ಕೆರೆಯುವ ಕೆಲಸವೆಲ್ಲ ಅವಳ ಪಾಲಿಗೇ ಬಂತು. ಪೈಪುಗಳನ್ನೆಲ್ಲ ಈ ಸಲ ಹೊಸದಾಗಿ ಹಾಕಿದರು.

ಅದಾದ ಮೇಲೆ ಬಿಂದು ಭಾನುವಾರಗಳಲ್ಲಿ ಸಂತೋಷನ ಸೋದರಮಾವನ ಹಳೇ ಮಾರುತಿ ಕೇಳಿ ತಂದು ಕುಣಿಗಲ್ಲಿನ ಕೆರೆ ಏರಿಯ ಮೇಲೆ ಓಡಿಸುವುದನ್ನು ಶುರು ಮಾಡಿದಳು. ಭಯ ಹೋಗಿದ್ದಕ್ಕಲ್ಲ, ಹೋಗಿರಲಿಲ್ಲ. ಲಾರಿ ಕಂಡರೆ ಈಗಲೂ ಅಂಗೈ ಬೆವರುತ್ತದೆ.

ಕಳೆದ ಭಾನುವಾರ ಮೊದಲ ಸಲ ಏರಿ ದಾಟಿ ತುಮಕೂರು ರಸ್ತೆಗೆ ತಿರುಗಿಸಿದಳು. ಎದುರಿಗೆ ಮರಳಿನ ಟಿಪ್ಪರ್ ಬಂತು.

"ಎಡಕ್ಕಿರು. ನಿಧಾನ. ಬರ್ಲಿ ಬುಡು ಅವ್ನು," ಅಂದ ಪಕ್ಕದಲ್ಲಿದ್ದ ಸಂತೋಷ್.

"ಮಾತಾಡ್ಬ್ಯಾಡ ನೀನು," ಅಂದಳು.

ಟಿಪ್ಪರ್ ಗಾಳಿ ಎಬ್ಬಿಸಿಕೊಂಡು ಹೋಯಿತು. ಹೆಬ್ಬೂರಿನವರೆಗೆ ಓಡಿಸಿ, ಹೋಟೆಲ್ ಮುಂದೆ ನಿಲ್ಲಿಸಿ, ಇಬ್ಬರೂ ಕಾಫಿ ಕುಡಿದರು. ಕೀಯನ್ನು ಅವಳು ಸಂತೋಷನ ಮುಂದೆ ಜರುಗಿಸಿದಳು.

"ವಾಪಸ್ ನೀನೇ ಓಡ್ಸು. ಇವತ್ತಿಗೆ ಇಷ್ಟು ಸಾಕು."